ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ವಿಂಡೋಸ್ ತೆರೆಯುತ್ತಿಲ್ಲ: ರೀಸೆಟ್ ಮಾಡಬಹುದೇ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ):
ನಮಸ್ಕಾರ ಸರ್. ನಮ್ಮ ಮನೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ಹಾಳಾಗಿರುವುದರಿಂದ ಅದನ್ನು ಚಾರ್ಜರ್ ಹಾಕಿಯೇ ಬಳಸುತ್ತೇವೆ. ಮೊನ್ನೆ ಗಾಳಿಮಳೆಗೆ ಕರೆಂಟ್ ಹೋದಾಗ ವಿಂಡೋಸ್ 11 ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಈಗ ಆನ್ ಮಾಡಿದರೆ ರಿಪೇರಿಯ ನೀಲಿ ಪರದೆ ಮಾತ್ರ ಬರುತ್ತದೆ. ಅಡಿಕೆ ಮಂಡಿಯ ಲೆಕ್ಕ, ಮಗಳ ಮದುವೆಯ ಫೋಟೋಗಳು ಎಲ್ಲವೂ ಅದರಲ್ಲಿವೆ. ‘ಕೀಪ್ ಮೈ ಫೈಲ್ಸ್’ ಆಯ್ದು ರೀಸೆಟ್ ಮಾಡಿದರೆ ಅವು ಉಳಿಯುತ್ತವೆಯೇ?

ಉತ್ತರ (ಕಂಪ್ಯೂಟರ್ ದುರಸ್ತಿಗಾರ, ಶಿವಮೊಗ್ಗ):
ನಮಸ್ಕಾರ. ರೀಸೆಟ್ ಎಂದರೆ ವಿಂಡೋಸನ್ನು ಹೊಸದಾಗಿ ಹಾಕುವುದು; ‘ಕೀಪ್ ಮೈ ಫೈಲ್ಸ್’ ಆಯ್ದರೆ ನಿಮ್ಮ ಕಡತಗಳು ಸಾಮಾನ್ಯವಾಗಿ ಉಳಿಯುತ್ತವೆ. ಆದರೂ ಇನ್ನೊಂದು ಪ್ರತಿ ಇಲ್ಲದೆ ದಯವಿಟ್ಟು ರೀಸೆಟ್ ಒತ್ತಬೇಡಿ, ಏಕೆಂದರೆ ಅದು ಮುಗಿಯುವ ಮೊದಲೇ ಮತ್ತೆ ಕರೆಂಟ್ ಹೋದರೆ ಈಗಿರುವುದಕ್ಕಿಂತ ಕಷ್ಟದ ಸ್ಥಿತಿಗೆ ಬರುತ್ತೀರಿ. ಇನ್ವರ್ಟರ್ ಇರುವ ಮನೆಯಲ್ಲಿ ಕುಳಿತು ಈ ಕೆಲಸ ಮಾಡಿ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಏನನ್ನೂ ಪ್ರಯತ್ನಿಸದೆ ಆಫ್ ಮಾಡಿ, ತಿಳಿದವರಲ್ಲಿಗೆ ಒಯ್ಯಿರಿ.

ಸದ್ದಿಲ್ಲದಿದ್ದರೆ, ನೀಲಿ ಪರದೆಯಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’ ಮೂಲಕ ‘ಕಮಾಂಡ್ ಪ್ರಾಂಪ್ಟ್’ ತೆರೆದು ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಅದರ ‘ಫೈಲ್’ ಮೆನುವಿನ ‘ಓಪನ್’ ಕಿಟಕಿಯಲ್ಲಿ ‘ಆಲ್ ಫೈಲ್ಸ್’ ಆಯ್ದರೆ ಡಿಸ್ಕ್‌ನ ಫೋಲ್ಡರ್‌ಗಳೆಲ್ಲ ಕಾಣುತ್ತವೆ. ಬೇಕಾದದ್ದರ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ ಮಾಡಿಕೊಂಡು, ಅಲ್ಲಿಂದಲೇ ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡಬಹುದು. ಇಲ್ಲಿ ಸಿ ಡ್ರೈವ್ ಬೇರೆ ಅಕ್ಷರದಲ್ಲಿ ತೋರಬಹುದು, ಗಾಬರಿಯಾಗಬೇಡಿ.

ಪ್ರತಿ ಕೈಗೆ ಬಂದ ಮೇಲೂ ಮೊದಲು ರೀಸೆಟ್ ಬೇಡ. ನಿಮ್ಮ ತೊಂದರೆ ಅಪ್‌ಡೇಟ್‌ನಿಂದ ಶುರುವಾಗಿರುವುದರಿಂದ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ನಲ್ಲಿ ಇತ್ತೀಚಿನ ಕ್ವಾಲಿಟಿ ಅಪ್‌ಡೇಟ್ ತೆಗೆದು ನೋಡಿ, ಆಗದಿದ್ದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವ ‘ಸಿಸ್ಟಂ ರಿಸ್ಟೋರ್’ ಪ್ರಯತ್ನಿಸಿ. ಇವೆರಡೂ ನಿಮ್ಮ ಸ್ವಂತ ಕಡತಗಳನ್ನು ಮುಟ್ಟುವುದಿಲ್ಲ. ಕೊನೆಗೆ ರೀಸೆಟ್ಟೇ ಗತಿಯಾದರೆ, ವಿಂಡೋಸನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ‘ಕ್ಲೌಡ್ ಡೌನ್‌ಲೋಡ್’ಗೆ 4 ಜಿಬಿಗೂ ಹೆಚ್ಚು ಡೇಟಾ ಬೇಕಾಗಬಹುದಾದ್ದರಿಂದ ನಿಮ್ಮ ಕಡೆಯ ನೆಟ್‌ವರ್ಕಿಗೆ, ಡಿಸ್ಕ್‌ನಲ್ಲಿರುವ ಕಡತಗಳನ್ನೇ ಬಳಸುವ ‘ಲೋಕಲ್ ರೀಇನ್‌ಸ್ಟಾಲ್’ ಮೇಲು. ಆದರೆ ಡಿಸ್ಕ್‌ನಲ್ಲಿರುವ ವಿಂಡೋಸ್ ಕಡತಗಳೇ ಕೆಟ್ಟಿದ್ದರೆ ಅದು ಸೋಲಬಹುದು.

ಪ್ರಶ್ನೆ:
ಕಮಾಂಡ್ ಪ್ರಾಂಪ್ಟ್ ಒತ್ತಿದ ಕೂಡಲೇ 48 ಅಂಕಿಗಳ ಕೀ ಕೇಳುತ್ತಿದೆ. ನಾವು ಎಂದೂ ಅಂಥದ್ದನ್ನು ಹಾಕಿದವರಲ್ಲ.

ಉತ್ತರ:
ಅದು ಡಿಸ್ಕ್‌ಗೆ ವಿಂಡೋಸ್ ಹಾಕುವ ‘ಬಿಟ್‌ಲಾಕರ್’ ಎಂಬ ಬೀಗವನ್ನು ತೆರೆಯುವ ರಿಕವರಿ ಕೀ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ತಾನಾಗಿಯೇ ಬಿದ್ದಿರುತ್ತದೆ. ಮೊಬೈಲಿನಲ್ಲಿ ಅದೇ ಖಾತೆಗೆ ಹೋಗಿ, ಪರದೆಯಲ್ಲಿರುವ ಕೀ ಐಡಿಗೆ ಹೊಂದುವ ಕೀಯನ್ನು ಬರೆದುಕೊಳ್ಳಿ. ಲ್ಯಾಪ್‌ಟಾಪನ್ನು ಮೊದಲು ಸೆಟಪ್ ಮಾಡಿದ್ದು ಮಗಳಾಗಿದ್ದರೆ ಅವರ ಖಾತೆಯಲ್ಲೂ ಹುಡುಕಿಸಿ. ಕೀ ಇಲ್ಲದೆಯೇ ಬೀಗ ಒಡೆದು ಕೊಡುತ್ತೇನೆ ಎನ್ನುವವರಿಗೆ ಹಣ ಕೊಡಬೇಡಿ.

ಪ್ರಶ್ನೆ:
ಕೀ ಮಗಳ ಖಾತೆಯಲ್ಲಿತ್ತು. ಕಡತಗಳನ್ನು ತೆಗೆದುಕೊಂಡು, ಬೇರೆ ದಾರಿ ಫಲಿಸದೆ ರೀಸೆಟ್ ಮಾಡಿದೆವು, ವಿಂಡೋಸ್ ತೆರೆಯಿತು. ಆದರೆ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಬರೆದಿದ್ದ ಲೆಕ್ಕವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ.

ಉತ್ತರ:
ಲೆಕ್ಕ ಹಾಳಾಗಿಲ್ಲ. ರೀಸೆಟ್ ಕಡತಗಳನ್ನು ಉಳಿಸಿದರೂ ನೀವು ಹಾಕಿಕೊಂಡಿದ್ದ ತಂತ್ರಾಂಶಗಳನ್ನು ತೆಗೆದುಹಾಕುತ್ತದೆ. ಅವುಗಳೊಂದಿಗೆ ನುಡಿಯ ಅಕ್ಷರಶೈಲಿಯೂ ಹೋಗಿದೆ. ಹಳೆಯ ನುಡಿ ಕಡತಗಳು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಇರದ ಕಾರಣ ಆ ಅಕ್ಷರಶೈಲಿ ಇಲ್ಲದೆ ಕನ್ನಡವಾಗಿ ಕಾಣುವುದಿಲ್ಲ. ಆ ಕಡತಗಳಲ್ಲಿ ಏನನ್ನೂ ತಿದ್ದದೆ, ಸೇವ್ ಮಾಡದೆ ಮುಚ್ಚಿ, ನುಡಿಯನ್ನು ಮತ್ತೆ ಹಾಕಿಕೊಂಡು ತೆರೆಯಿರಿ. ಓದಲು ಬಂದ ಮೇಲೆ ನುಡಿಯ ಪರಿವರ್ತಕದಿಂದ ಯೂನಿಕೋಡ್ ಪ್ರತಿಯೊಂದನ್ನು ಮಾಡಿ, ಹಳೆಯ ಕಡತಗಳ ಜೊತೆಗೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.