ಅಡುಗೆಮನೆ ಗೋಡೆ ಒಡೆಸಲು ಪರವಾನಗಿ ಬೇಕೇ? ಮನೆ ಮಾರ್ಪಾಡು ಕುರಿತ ಪ್ರಶ್ನೋತ್ತರ

ಪ್ರಶ್ನೆ: ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ತೆಗೆಸಿ ಒಂದೇ ಮಾಡಬೇಕೆಂದಿದ್ದೇವೆ. ಮೇಲೆ ಒಂದು ಮಹಡಿ ಇದೆ. ‘ಒಳಗೋಡೆಗೆ ಯಾರ ಅನುಮತಿಯೂ ಬೇಡ, ಎರಡು ದಿನದ ಕೆಲಸ’ ಅಂತಾರೆ ಮೇಸ್ತ್ರಿ. ನಿಜವೇ ಸರ್?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): ಗೋಡೆ ಒಳಗಿದೆಯೋ ಹೊರಗಿದೆಯೋ ಅನ್ನುವುದು ಮುಖ್ಯವಲ್ಲ, ಭಾರ ಹೊರುತ್ತಿದೆಯೋ ಇಲ್ಲವೋ ನೋಡಬೇಕು. ಭಾರ ಹೊರುವ ಗೋಡೆಯಾದರೆ ಹೆಚ್ಚುಕಡಿಮೆ ಎಲ್ಲ ಕಡೆಯ ಕಟ್ಟಡ ನಿಯಮಗಳಲ್ಲೂ ಪರವಾನಗಿ ಬೇಕು. ಬಣ್ಣ, ನೆಲಹಾಸು, ಹಳೆ ಬಾಗಿಲಿನ ಜಾಗಕ್ಕೆ ಅದೇ ಅಳತೆಯ ಹೊಸ ಬಾಗಿಲು, ಇಂಥವಕ್ಕೆ ಸಾಮಾನ್ಯವಾಗಿ ಬೇಡ.

ಮೊದಲು ಎರಡೂ ಮಹಡಿಯ ನಕ್ಷೆಯನ್ನು ಒಂದರ ಮೇಲೊಂದಿಟ್ಟು ನೋಡಿ. ಈ ಗೋಡೆಯ ನೇರಕ್ಕೇ ಮೇಲೂ ಗೋಡೆ ಎದ್ದಿದ್ದರೆ ಅದರ ಭಾರ ಇದರ ತಲೆಯ ಮೇಲಿದೆ ಎಂದೇ ಇಟ್ಟುಕೊಳ್ಳಿ. 10 ಸೆಂ.ಮೀ. ದಪ್ಪ, 3 ಮೀಟರ್ ಎತ್ತರದ ಇಟ್ಟಿಗೆ ಗೋಡೆ ಎರಡೂ ಬದಿಯ ಗಾರೆ ಸೇರಿ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಮುಕ್ಕಾಲು ಟನ್ ತೂಗುತ್ತದೆ. ಮೇಲೆ ಗೋಡೆ ಇಲ್ಲದಿದ್ದರೂ ಸ್ಲ್ಯಾಬ್ ಇದರ ಮೇಲೆ ಕೂತಿರಬಹುದು. ಮೇಲಂಚಿನ ಗಾರೆಯನ್ನು ಒಂದಡಿಯಷ್ಟು ಕೆತ್ತಿಸಿದರೆ ಅಲ್ಲಿ ಬೀಮ್ ಇದೆಯೋ, ಸ್ಲ್ಯಾಬ್ ನೇರ ಇಟ್ಟಿಗೆಯ ಮೇಲೆಯೇ ಕೂತಿದೆಯೋ ಗೊತ್ತಾಗುತ್ತದೆ. ಬಡಿದು ಸದ್ದು ಕೇಳಿ ತೀರ್ಮಾನಿಸಬೇಡಿ. ತೆಳು ಗೋಡೆಯೂ ಭಾರ ಹೊತ್ತಿರುವುದುಂಟು.

ಒಡೆದ ದಿನವೇ ಏನೂ ಆಗದಿರಬಹುದು. ಜನ ಮೋಸಹೋಗುವುದೇ ಅಲ್ಲಿ. ಆಧಾರಗಳ ನಡುವಿನ ಅಂತರ 3 ಮೀಟರಿನಿಂದ 6 ಮೀಟರಿಗೆ ಏರಿದರೆ, ಸರಳ ಲೆಕ್ಕದಲ್ಲಿ ಸ್ಲ್ಯಾಬನ್ನು ಬಾಗಿಸುವ ಬಲ ನಾಲ್ಕು ಪಟ್ಟು, ಅದು ಜಗ್ಗುವ ಪ್ರಮಾಣ ಹದಿನಾರು ಪಟ್ಟು ಹೆಚ್ಚುತ್ತದೆ. ಇನ್ನೂ ದೊಡ್ಡ ತೊಂದರೆ ಕಂಬಿಯದು. ನಡುಗೋಡೆಯ ಮೇಲೆ ಹಾಯ್ದುಹೋಗುವ ಸ್ಲ್ಯಾಬಿನಲ್ಲಿ ಆ ಜಾಗದ ಮೇಲ್ಮೈ ಎಳೆತಕ್ಕೆ ಸಿಗುವುದರಿಂದ ಮುಖ್ಯ ಕಂಬಿಯನ್ನು ಮೇಲ್ಭಾಗದಲ್ಲಿ ಕಟ್ಟಿರುತ್ತಾರೆ. ಗೋಡೆ ಹೋದರೆ ಅದೇ ಜಾಗ ಕೋಣೆಯ ನಟ್ಟನಡುವಾಗಿ, ಎಳೆತ ಕೆಳಮೈಗೆ ಬರುತ್ತದೆ. ಅಲ್ಲಿ ಸಾಕಷ್ಟು ಕಂಬಿಯೇ ಇರುವುದಿಲ್ಲ.

ಹಾಗಾಗಿ ಗೋಡೆಯ ಬದಲು ಬೀಮ್ ಬರಲೇಬೇಕು. ಅದರ ಅಳತೆ ಎಂಜಿನಿಯರ್ ಸಹಿಯಿರುವ ಲೆಕ್ಕಪತ್ರದಲ್ಲಿರಬೇಕು, ಬಾಯಿಮಾತಲ್ಲಿ ಅಲ್ಲ. ಗೋಡೆಯ ಎರಡೂ ಬದಿಯಲ್ಲಿ ಮೊದಲು ಪ್ರಾಪ್ (ಸ್ಲ್ಯಾಬಿಗೆ ತಾತ್ಕಾಲಿಕವಾಗಿ ಕೊಡುವ ಆಧಾರದ ಕಂಬ) ನಿಲ್ಲಿಸಿ, ಅವುಗಳ ಕಾಲಡಿ ಹಲಗೆ ಹಾಸಿ, ಆಮೇಲೆ ಒಡೆಯಬೇಕು. ಬೀಮಿನ ತುದಿಗಳು ಎರಡೂ ಕಡೆ ಕನಿಷ್ಠ 15 ಸೆಂ.ಮೀ. ಆದರೂ ಕೂರಬೇಕು. ಅವು ಕೂರುವುದು ಬರಿ ಇಟ್ಟಿಗೆಯ ಮೇಲಲ್ಲ, ಕಾಂಕ್ರೀಟ್ ಪೀಠದ ಮೇಲೆ. ಬೀಮಿಗೂ ಸ್ಲ್ಯಾಬಿಗೂ ನಡುವಿನ ಸಂದಿಗೆ ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಮಿಶ್ರಣ) ಬಿಗಿಯಾಗಿ ತುಂಬಿಸಿ. ಅಲ್ಲಿ ಮಾಮೂಲಿ ಗಾರೆ ಮೆತ್ತಿದರೆ ಒಣಗಿ ಕುಗ್ಗುತ್ತದೆ. ಪ್ರಾಪ್ ತೆಗೆದಾಗ ಸ್ಲ್ಯಾಬ್ ಅಷ್ಟು ಇಳಿದು ಮೇಲಿನ ಮಹಡಿಯ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಎರಡು ದಿನದಲ್ಲಿ ಗೋಡೆ ಒಡೆದುಹಾಕಬಹುದು, ಅದು ನಿಜ. ಗ್ರೌಟ್ ಬಲ ಬರುವವರೆಗೆ ಪ್ರಾಪ್ ನಿಂತಿರಬೇಕಲ್ಲ, ಆ ದಿನಗಳನ್ನು ಮೇಸ್ತ್ರಿ ಲೆಕ್ಕಕ್ಕೆ ಹಿಡಿದಿಲ್ಲ.

ಪ್ರಶ್ನೆ: ನಮ್ಮದು ಪಿಲ್ಲರ್ ಮನೆ. ಹಾಗಾದರೆ ಯಾವ ಗೋಡೆ ಬೇಕಾದರೂ ತೆಗೆಯಬಹುದಲ್ಲವೇ?

ಉತ್ತರ: ಮೇಲಿನ ಭಾರದ ಮಟ್ಟಿಗೆ ಹೆಚ್ಚಿನ ಒಳಗೋಡೆಗಳನ್ನು ತೆಗೆಯಬಹುದು. ಆದರೆ ಕಾರು ನಿಲ್ಲಿಸಲೆಂದು ನೆಲಮಹಡಿಯ ಗೋಡೆಗಳನ್ನೆಲ್ಲ ಬಿಚ್ಚಬೇಡಿ. ಪಿಲ್ಲರುಗಳ ನಡುವಿನ ಇಟ್ಟಿಗೆ ಗೋಡೆಗಳು ಭೂಕಂಪದಲ್ಲಿ ಕಟ್ಟಡ ಅಡ್ಡಡ್ಡ ಓಲಾಡದಂತೆ ಹಿಡಿದಿರುತ್ತವೆ. ಕೆಳಗೆ ಮಾತ್ರ ಖಾಲಿ ಮಾಡಿದರೆ ಓಲಾಟವೆಲ್ಲ ಆ ಒಂದು ಮಹಡಿಯ ಪಿಲ್ಲರುಗಳ ಪಾಲಾಗುತ್ತದೆ. ಇದಕ್ಕೂ ಎಂಜಿನಿಯರ್ ಲೆಕ್ಕ, ಪರವಾನಗಿ ಎರಡೂ ಬೇಕು.

ಪ್ರಶ್ನೆ: ಮಹಡಿಯ ಮಲಗುವ ಕೋಣೆಗೆ ಹೊಸ ಟಾಯ್ಲೆಟ್ ಮಾಡಿಸಬೇಕು. ಒಳಚರಂಡಿಯ ಪೈಪು 4 ಮೀಟರ್ ದೂರದಲ್ಲಿದೆ. ಪ್ಲಂಬರ್ ನೆಲ ಎತ್ತರಿಸೋಣ ಅಂತಾರೆ.

ಉತ್ತರ (ಪ್ಲಂಬಿಂಗ್ ಗುತ್ತಿಗೆದಾರರು): ಲೆಕ್ಕ ಹಾಕೋಣ ಮೇಡಂ. 1ಕ್ಕೆ 40ರ ಇಳಿಜಾರಿನಲ್ಲಿ 4 ಮೀಟರಿಗೆ 10 ಸೆಂ.ಮೀ. ಇಳಿತ, ಪೈಪಿನ ದಪ್ಪ 11 ಸೆಂ.ಮೀ., ಮೇಲೊಂದು ಹೊದಿಕೆ. ನೆಲ ಹತ್ತಿರ ಹತ್ತಿರ 25 ಸೆಂ.ಮೀ. ಏರುತ್ತದೆ. ಆ ಪೊಳ್ಳಿಗೆ ಒಡೆದ ಇಟ್ಟಿಗೆ, ಮಣ್ಣು ತುಂಬಿದರೆ ಚದರ ಮೀಟರಿಗೆ 400 ಕೆ.ಜಿ. ದಾಟುತ್ತದೆ. ವಾಸದ ಕೋಣೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಜನ, ಸಾಮಾನು ಸೇರಿ ಚದರ ಮೀಟರಿಗೆ 150ರಿಂದ 200 ಕೆ.ಜಿ.ಗೆ ಲೆಕ್ಕ ಹಾಕಿರುತ್ತಾರೆ. ಪರವಾನಗಿ ಕೊಡುವವರು ಸ್ಲ್ಯಾಬಿನ ವಿವರ ಕೇಳುವುದು ಸುಮ್ಮನೆ ಸತಾಯಿಸಲು ಅಲ್ಲ.

ಕೆಳಗಿನ ಟಾಯ್ಲೆಟ್‌ನ ನೇರ ಮೇಲೆಯೇ ಜಾಗ ಸಿಕ್ಕರೆ ಅರ್ಧ ತಲೆನೋವು ಕಳೆಯಿತು. ಇಲ್ಲವಾದರೆ ಗೋಡೆಗೆ ತೂಗುವ ಕಮೋಡ್ ಹಾಕಿಸಿ, ಪೈಪನ್ನು ಹೊರಗೋಡೆಯ ಗುಂಟ ಇಳಿಸಿ. ಗಾಳಿ ಕೊಳವೆ ಹಾಕಿಸಲು ಮರೆಯಬೇಡಿ. ಅದಿಲ್ಲದಿದ್ದರೆ ಫ್ಲಶ್ ಮಾಡಿದಾಗಲೆಲ್ಲ ಟ್ರ್ಯಾಪಿನ (ನೀರು ನಿಂತು ನಾತ ತಡೆಯುವ ಪೈಪಿನ ಬಾಗು) ನೀರು ಹೀರಿಹೋಗಿ ಕೋಣೆಗೆ ನಾತ ಬರುತ್ತದೆ. ಟೈಲ್ಸ್ ಹಾಕುವ ಮುಂಚೆ ನೆಲದಲ್ಲಿ ನೀರು ಕಟ್ಟಿ 24 ಗಂಟೆಯಾದರೂ ಬಿಟ್ಟು, ಕೆಳಗಿನ ಚಾವಣಿ ನೋಡಿ.

ಪ್ರಶ್ನೆ: ಬಾಲ್ಕನಿಗೆ ಬರೀ ಗಾಜು ಹಾಕಿಸಿದರೂ ಪರವಾನಗಿಯೇ?

ಉತ್ತರ (ನಕ್ಷೆ ತಯಾರಿಸುವವರು): ಬಹಳ ಕಡೆ ಬೇಕು. ಮುಚ್ಚಿದ ಬಾಲ್ಕನಿಯನ್ನು ಕಟ್ಟಡದ ವಿಸ್ತೀರ್ಣಕ್ಕೆ ಸೇರಿಸುತ್ತಾರೆ. ನಿಮ್ಮ ನಿವೇಶನದ ಮಿತಿ ಮೊದಲೇ ತುಂಬಿದ್ದರೆ ಅರ್ಜಿ ವಾಪಸ್. ಒಳಕೋಣೆಯ ಕಿಟಕಿ ಆ ಬಾಲ್ಕನಿಗೇ ತೆರೆಯುತ್ತಿದ್ದರೆ ಅದರ ಗಾಳಿ ಬೆಳಕಿನ ಲೆಕ್ಕವನ್ನೂ ತೋರಿಸಬೇಕಾಗಬಹುದು. ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಪತ್ರ ಬೇರೆ.

ಪ್ರಶ್ನೆ: ಅರ್ಜಿಯ ಜೊತೆ ಏನೇನು ಕೊಡಬೇಕು? ಎಲ್ಲಿ ತಡವಾಗುತ್ತದೆ?

ಉತ್ತರ: ಮಾಲೀಕತ್ವದ ದಾಖಲೆ, ಹಿಂದೆ ಮಂಜೂರಾದ ನಕ್ಷೆ, ಈಗಿರುವ ಹಾಗೂ ಮಾಡಲಿರುವ ನಕ್ಷೆ, ಗಡಿಯಿಂದ ಕಟ್ಟಡಕ್ಕಿರುವ ಅಂತರ ತೋರಿಸುವ ನಿವೇಶನ ನಕ್ಷೆ, ಎಂಜಿನಿಯರ್ ಪತ್ರ. ಕೆಡವುವ ಭಾಗಕ್ಕೆ ಹಳದಿ, ಹೊಸದಕ್ಕೆ ಕೆಂಪು ಬಳಿಯುವ ರೂಢಿ ಹಲವೆಡೆ ಇದೆ. ತಡವಾಗುವುದು ಹೆಚ್ಚಾಗಿ ಹಳೆ ನಕ್ಷೆಗೂ ನಿಂತಿರುವ ಮನೆಗೂ ತಾಳೆಯಾಗದೆ. ಹಿಂದಿನ ಮಾಲೀಕರು ಹಿತ್ತಲಿಗೆ ಸೇರಿಸಿದ ಶೆಡ್ಡು ನಿಮ್ಮ ಅಡುಗೆಮನೆ ಅರ್ಜಿಗೆ ಅಡ್ಡ ಬರುತ್ತದೆ. ಅದಕ್ಕೇ ಮೊದಲು ಟೇಪ್ ಹಿಡಿದು ಮನೆ ಅಳೆಸಿ, ಆಮೇಲೆ ಅರ್ಜಿ ಬರೆಸಿ. ಪರವಾನಗಿಯ ಅವಧಿ ಎಂದು ಮುಗಿಯುತ್ತದೆಂದೂ ನೋಡಿಕೊಳ್ಳಿ.

ಪ್ರಶ್ನೆ: ನಾವು ಕೇಳದೆಯೇ ಗೋಡೆ ತೆಗೆಸಿ ಬೀಮ್ ಹಾಕಿಸಿ ಗಾರೆಯೂ ಮುಗಿಸಿದ್ದೇವೆ. ಈಗೇನು ಮಾಡೋದು?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): ಸಕ್ರಮಕ್ಕೆ ಅವಕಾಶವಿರುವ ಕಡೆ ಅರ್ಜಿ ಹಾಕಬಹುದು. ಆದರೆ ಪರಿಶೀಲಿಸುವವರಿಗೆ ಕಾಣುವುದು ಗಾರೆ ಮಾತ್ರ. ಕಂಬಿ ಕಟ್ಟಿದ ಮೇಲೆ ಕಾಂಕ್ರೀಟ್ ಸುರಿಯುವ ಮೊದಲು, ವೈರು ಪೈಪು ಎಳೆದ ಮೇಲೆ ಗಾರೆಗೆ ಮೊದಲು ತಪಾಸಣೆ ಇಡುವುದು ಇದಕ್ಕೇ. ಈಗ ಬೀಮಿನ ಎರಡೂ ತುದಿ, ನಡುವೆ ಒಂದು ಕಡೆ ಗಾರೆ ಬಿಚ್ಚಬೇಕಾಗುತ್ತದೆ. ಕೆಲಸದ ವೇಳೆ ಟೇಪ್ ಹಿಡಿದು ತೆಗೆದ ಫೋಟೊ, ಉಕ್ಕು ಕೊಂಡ ರಸೀದಿ ಇದ್ದರೆ ತೆಗೆದಿಡಿ, ಬಿಚ್ಚುವುದು ಕಡಿಮೆಯಾಗಬಹುದು. ಅಲ್ಲಿಯವರೆಗೆ ಮೇಲಿನ ಮಹಡಿಯ ಆ ಭಾಗಕ್ಕೆ ಬೀರು, ನೀರಿನ ಡ್ರಮ್ ಇಡಬೇಡಿ. ಬಿರುಕು ಕಂಡರೆ ಅದರ ಎರಡೂ ಕೊನೆಗೆ ಪೆನ್ಸಿಲಿನಿಂದ ಗುರುತು ಹಾಕಿ ತಾರೀಖು ಬರೆಯಿರಿ. ಗುರುತು ದಾಟಿ ಬೆಳೆದಿದ್ದರೆ ಅದೇ ದಿನ ಕೆಳಗೆ ಪ್ರಾಪ್ ಕೊಡಿಸಿ.