ಜಿಸ್ಯಾಪ್, ಮೋಷನ್, ಆನಿಮೆ ಜೆಎಸ್: ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಯಾವುದು ವೇಗ ಅಂತ ಹೋಲಿಸುವುದು ಹೇಗೆ?

ಪದಬಂಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಚಿಕ್ಕ ಮಕ್ಕಳಿಗೆ ಕನ್ನಡ ಪದ ಕಲಿಸುವ ಒಂದು ವೆಬ್‌ಸೈಟ್ ಕಟ್ಟುತ್ತಿದ್ದೇನೆ. ಪುಟ ತೆರೆದ ಕೂಡಲೇ ಚಿತ್ರದ ಕಾರ್ಡುಗಳು ಕೆಳಗಿನಿಂದ ಒಂದೊಂದಾಗಿ ಏರಿ ಬರುತ್ತವೆ. ಮಗು ಒಂದನ್ನು ಮುಟ್ಟಿದರೆ ಅದು ದೊಡ್ಡದಾಗುತ್ತದೆ, ಉಳಿದವು ಪಕ್ಕಕ್ಕೆ ಸರಿಯುತ್ತವೆ. ಆಮೇಲೆ ಪದದ ಅಕ್ಷರಗಳು ಒಂದರ ಹಿಂದೆ ಒಂದು ಪುಟಿಯುತ್ತವೆ. ಮೂಲೆಯಲ್ಲಿ ಒಂದು ಗಿಣಿ ರೆಕ್ಕೆ ಬಡಿಯುತ್ತಾ ಕೂತಿರುತ್ತದೆ, ಅದು ಲೊಟ್ಟಿ (ಆನಿಮೇಶನ್ ಇಡುವ ಒಂದು ಬಗೆಯ) ಫೈಲು.

ಲ್ಯಾಪ್‌ಟಾಪಿನಲ್ಲಿ ಎಲ್ಲ ಸಲೀಸು. ಆದರೆ ಇದನ್ನು ಬಳಸುವವರು ಮಕ್ಕಳು. ಮಗುವಿನ ಕೈಗೆ ಮನೆಯ ಹೊಸ ಫೋನು ಯಾರೂ ಕೊಡುವುದಿಲ್ಲ, ಅಲ್ವಾ? ಅಪ್ಪನೋ ಅಮ್ಮನೋ ಬಳಸಿ ಬಿಟ್ಟ, 2 ಜಿಬಿ ರ‍್ಯಾಮಿನ ಫೋನು ಕೊಡುತ್ತಾರೆ. ಅಂಥದ್ದರಲ್ಲಿ ಕಾರ್ಡುಗಳು ತಡವರಿಸಿ ಬರುತ್ತವೆ. ಮುಟ್ಟಿದ ಮೇಲೆ ಒಂದು ಕ್ಷಣ ಏನೂ ಆಗುವುದಿಲ್ಲ. ಮಗು ಮತ್ತೆ ಮತ್ತೆ ಒತ್ತುತ್ತದೆ.

ಈಗಿರುವುದು ಪುಟ ಕಟ್ಟಲು ರಿಯಾಕ್ಟ್, ಜೊತೆಗೆ ಆನಿಮೇಶನ್ ಲೈಬ್ರರಿ ಜಿಸ್ಯಾಪ್. ಜೊತೆಯವರೊಬ್ಬರು ಅದರ ಬದಲು ಮೋಷನ್ ಲೈಬ್ರರಿಗೆ ಹೋಗೋಣ ಅನ್ನುತ್ತಾರೆ, ಇನ್ನೊಬ್ಬರು ಆನಿಮೆ ಜೆಎಸ್ ಹಗುರ ಅನ್ನುತ್ತಾರೆ. ನೆಟ್ಟಿನಲ್ಲಿ ಹುಡುಕಿದರೆ ಸಿಗುವುದು ನೂರಾರು ಚುಕ್ಕಿಗಳನ್ನು ಹಾರಿಸಿ ಫ್ರೇಮ್ ಎಣಿಸುವ ಪುಟಗಳು. ಒಂದೊಂದರಲ್ಲಿ ಒಂದೊಂದು ಲೈಬ್ರರಿ ಗೆಲ್ಲುತ್ತದೆ. ಯಾವುದನ್ನು ನಂಬಬೇಕು? ನನ್ನ ಕೆಲಸಕ್ಕೆ ಸರಿಹೊಂದುವ ಹೋಲಿಕೆ ನಾನೇ ಮಾಡಿಕೊಳ್ಳುವುದು ಹೇಗೆ? ಜಿಸ್ಯಾಪ್‌ನ ಕೆಲವು ಪ್ಲಗಿನ್‌ಗೆ ದುಡ್ಡು ಕೊಡಬೇಕು ಅಂತಲೂ ಕೇಳಿದ್ದೆ, ಅದೂ ಗೊತ್ತಿದ್ದವರು ಹೇಳಿ.

ಹದಿನಾರು_ಮಿಲಿ (ಉತ್ತರ)

ದುಡ್ಡಿನ ವಿಷಯ ಮೊದಲು ಮುಗಿಸುತ್ತೇನೆ. 2024ರಲ್ಲಿ ವೆಬ್‌ಫ್ಲೋ ಕಂಪನಿ ಜಿಸ್ಯಾಪ್ ಮಾಡುವ ಗ್ರೀನ್‌ಸಾಕ್ ಅನ್ನು ಕೊಂಡಿತು. 2025ರಲ್ಲಿ 3.13 ಆವೃತ್ತಿ ಬಂದಾಗ ಪ್ಲಗಿನ್‌ಗಳೂ ಸೇರಿ ಜಿಸ್ಯಾಪ್ ಪೂರ್ತಿ ಉಚಿತವಾಯಿತು. ಅದು ಎಂಐಟಿ ಲೈಸೆನ್ಸ್ ಅಲ್ಲ, ತನ್ನದೇ ಷರತ್ತುಗಳಿವೆ. ನಿಮ್ಮಂಥ ಸೈಟಿಗೆ ಅದರಿಂದ ತೊಂದರೆ ಇಲ್ಲ.

ಈಗ ಚುಕ್ಕಿಗಳ ಪರೀಕ್ಷೆ. ಒಂದು ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಆಗಿನ ಜನಪ್ರಿಯ ಲೈಬ್ರರಿ ಜೆಕ್ವೆರಿ 13 ಮಿಲಿಸೆಕೆಂಡಿನ ಟೈಮರ್ ಇಟ್ಟು ಆನಿಮೇಶನ್ ಓಡಿಸುತ್ತಿತ್ತು. ಪರದೆ ಯಾವಾಗ ಬದಲಾಗುತ್ತದೆ ಎಂಬುದಕ್ಕೂ ಆ ಟೈಮರಿಗೂ ಸಂಬಂಧವೇ ಇರಲಿಲ್ಲ. 2014ರಲ್ಲಿ ವೆಲಾಸಿಟಿ ಜೆಎಸ್ ಬಂದಾಗ, ಅದಕ್ಕೂ ಮುಂಚೆ ಫ್ಲ್ಯಾಶ್ ಕಾಲದಿಂದ ಬಂದ ಗ್ರೀನ್‌ಸಾಕ್ ಜಾವಾಸ್ಕ್ರಿಪ್ಟಿಗೆ ಇಳಿದಾಗ, ಕಣ್ಣಿಗೆ ಕಾಣುವ ವ್ಯತ್ಯಾಸ ಇತ್ತು. 2016ರ ಜೆಕ್ವೆರಿ 3.0 ಕೂಡ ರಿಕ್ವೆಸ್ಟ್ ಆನಿಮೇಶನ್ ಫ್ರೇಮ್‌ಗೆ (ಪರದೆ ಬದಲಾಗುವ ಮುಂಚೆ ಕೋಡನ್ನು ಕರೆಯುವ ಬ್ರೌಸರ್ ಸೌಲಭ್ಯ) ಬಂತು. ಇವತ್ತು ಹೆಸರಿರುವ ಎಲ್ಲ ಲೈಬ್ರರಿಗಳೂ ಅದನ್ನೇ ಬಳಸುತ್ತವೆ, ಇಲ್ಲವೇ ಬ್ರೌಸರಿನ ಸ್ವಂತ ಆನಿಮೇಶನ್ ಎಂಜಿನ್ನಿಗೆ ಕೆಲಸ ಒಪ್ಪಿಸುತ್ತವೆ. ಹಳೆಯ ಲೇಖನಗಳು ಮಾತ್ರ ಹುಡುಕಾಟದಲ್ಲಿ ಇನ್ನೂ ಮೇಲೆ ಬರುತ್ತವೆ.

60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡು. ಅದರೊಳಗೆ ಲೈಬ್ರರಿ ಮಾಡುವ ಲೆಕ್ಕ, ಅಂದರೆ ಈ ಕ್ಷಣದಲ್ಲಿ ಕಾರ್ಡ್ ಎಲ್ಲಿರಬೇಕು ಎನ್ನುವುದು, ತೀರಾ ಸಣ್ಣದು. ದೊಡ್ಡ ಖರ್ಚು ಅದರ ನಂತರದ್ದು. ನೀವು ಅಗಲ, ಎತ್ತರ, ಟಾಪ್, ಲೆಫ್ಟ್, ಮಾರ್ಜಿನ್ ಬದಲಿಸಿದರೆ ಬ್ರೌಸರ್ ಪ್ರತಿ ಫ್ರೇಮಿನಲ್ಲೂ ಲೇಔಟ್ (ಯಾವುದು ಎಲ್ಲಿ, ಎಷ್ಟು ದೊಡ್ಡದು ಎಂಬ ಲೆಕ್ಕ) ಮತ್ತೆ ಮಾಡಬೇಕು. ಹಿನ್ನೆಲೆ ಬಣ್ಣ, ಬಾಕ್ಸ್ ಶ್ಯಾಡೋ ಬದಲಿಸಿದರೆ ಮತ್ತೆ ಪೇಂಟ್ ಮಾಡಬೇಕು, ಅಂದರೆ ಪಿಕ್ಸೆಲ್‌ಗಳನ್ನು ಬಿಡಿಸಬೇಕು. ಟ್ರಾನ್ಸ್‌ಫಾರ್ಮ್ (ಸರಿಸುವುದು, ಹಿಗ್ಗಿಸುವುದು) ಮತ್ತು ಒಪಾಸಿಟಿ (ಪಾರದರ್ಶಕತೆ) ಆದರೆ, ಆಗಲೇ ಬಿಡಿಸಿಟ್ಟ ಪದರವನ್ನು ಜಿಪಿಯು (ಗ್ರಾಫಿಕ್ಸ್ ಚಿಪ್) ಸರಿಸಿದರೆ ಸಾಕು. ಜಿಸ್ಯಾಪ್‌ನಲ್ಲಿ ಅಗಲವನ್ನು ಬದಲಿಸುವ ಕೋಡನ್ನು ತೆಗೆದು ಮೋಷನ್‌ನಲ್ಲಿ ಅದೇ ಅಗಲವನ್ನು ಬದಲಿಸಿದರೆ ಆ ಫೋನು ಅಷ್ಟೇ ಒದ್ದಾಡುತ್ತದೆ.

ಹಾಗಾದರೆ ಲೈಬ್ರರಿಗಳ ನಡುವೆ ವ್ಯತ್ಯಾಸವೇ ಇಲ್ಲವಾ? ಇದೆ. ಅದು ಇರುವ ಜಾಗ ಬೇರೆ, ಚುಕ್ಕಿಗಳ ಪರೀಕ್ಷೆ ಅದನ್ನು ಮುಟ್ಟುವುದೇ ಇಲ್ಲ.

ಜಿಸ್ಯಾಪ್ ಪ್ರತಿ ಫ್ರೇಮಿನಲ್ಲೂ ಮೇನ್ ಥ್ರೆಡ್ಡಿನಲ್ಲಿ, ಅಂದರೆ ಪುಟದ ಜಾವಾಸ್ಕ್ರಿಪ್ಟ್ ಎಲ್ಲ ಒಂದರ ನಂತರ ಒಂದು ಓಡುವ ಸಾಲಿನಲ್ಲಿ, ಓಡುತ್ತದೆ. ಆನಿಮೆ ಜೆಎಸ್‌ನ ಮಾಮೂಲಿ ದಾರಿಯೂ ಅದೇ. ಮೇನ್ ಥ್ರೆಡ್ ಬಿಡುವಾಗಿದ್ದರೆ ಎರಡೂ ಚೆನ್ನಾಗಿಯೇ ಓಡುತ್ತವೆ. ಅದೇ ಹೊತ್ತಿಗೆ ರಿಯಾಕ್ಟ್ ಇಡೀ ಪಟ್ಟಿಯನ್ನು ರೆಂಡರ್ ಮಾಡುತ್ತಾ ಕೂತರೆ, ದೊಡ್ಡ ಜೇಸನ್ (ದತ್ತಾಂಶದ) ಫೈಲು ಬಂದು ಬಿದ್ದರೆ, ಆ ಕೆಲಸ ಮುಗಿಯುವ ತನಕ ಆನಿಮೇಶನ್ ನಿಂತಲ್ಲೇ ನಿಲ್ಲುತ್ತದೆ. ಸಿಎಸ್ಎಸ್ ಆನಿಮೇಶನ್ ಮತ್ತು ವೆಬ್ ಆನಿಮೇಶನ್ಸ್ ಎಪಿಐ ಮೂಲಕ ಟ್ರಾನ್ಸ್‌ಫಾರ್ಮ್, ಒಪಾಸಿಟಿ ಓಡಿಸಿದರೆ ಆ ಕೆಲಸ ಪದರಗಳನ್ನು ಜೋಡಿಸುವ ಬೇರೆಯೇ ಸಾಲಿನದು, ಅಂದರೆ ಕಂಪಾಸಿಟರ್ ಥ್ರೆಡ್ಡಿನದು. ಮೇನ್ ಥ್ರೆಡ್ ಎಷ್ಟೇ ಸಿಕ್ಕಿಹಾಕಿಕೊಂಡಿದ್ದರೂ ಕಾರ್ಡು ನಿಲ್ಲದೆ ಸಾಗುತ್ತದೆ. ಮೋಷನ್ ಸಾಧ್ಯವಾದ ಕಡೆ ಈ ದಾರಿ ಹಿಡಿಯುತ್ತದೆ. ಆನಿಮೆ ಜೆಎಸ್ ನಾಲ್ಕನೇ ಆವೃತ್ತಿಯಲ್ಲೂ ಇದಕ್ಕೆ ಬೇರೆ ಮಾಡ್ಯೂಲ್ ಇದೆ.

ಮೋಷನ್ ಬಳಸುವವರಲ್ಲಿ ಹಲವರು ಗಮನಿಸದ ಒಂದು ವಿಷಯ ಇದೆ. ಎಕ್ಸ್, ವೈ, ಸ್ಕೇಲ್ ಅಂತ ಬಿಡಿಬಿಡಿಯಾಗಿ ಬರೆದರೆ ಅದೂ ಮೇನ್ ಥ್ರೆಡ್ಡಿನಲ್ಲೇ ಓಡುತ್ತದೆ. ಟ್ರಾನ್ಸ್‌ಫಾರ್ಮ್ ಅನ್ನು ಒಂದೇ ಸ್ಟ್ರಿಂಗ್ ಆಗಿ ಬರೆದರೆ ಮಾತ್ರ ಕಂಪಾಸಿಟರಿಗೆ ಹೋಗುತ್ತದೆ. ಇದು ತಿಳಿಯದೆ ಲೈಬ್ರರಿ ಬದಲಿಸಿದರೆ ವಾರಗಟ್ಟಲೆ ಕೆಲಸ ಮಾಡಿಯೂ ಏನೂ ಸಿಗುವುದಿಲ್ಲ.

ಅದಕ್ಕೆ ನನ್ನ ಮಾತು ಇಷ್ಟು: ಆ ಹಳೆಯ ಫೋನಿನಲ್ಲೇ ಅಳೆಯಿರಿ, ಮೇನ್ ಥ್ರೆಡ್ಡಿಗೆ ನಿಜವಾದ ಕೆಲಸ ಇರುವಾಗಲೇ ಅಳೆಯಿರಿ. ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗಿಂಗ್ ಹಾಕಿ ಕೇಬಲ್ ಚುಚ್ಚಿ. ಲ್ಯಾಪ್‌ಟಾಪಿನ ಕ್ರೋಮಿನಲ್ಲಿ ಇನ್‌ಸ್ಪೆಕ್ಟ್ ಪುಟ ತೆರೆದರೆ ಫೋನಿನ ಟ್ಯಾಬ್ ಕಾಣುತ್ತದೆ. ಪರ್ಫಾರ್ಮೆನ್ಸ್ ಪ್ಯಾನೆಲ್‌ನಲ್ಲಿ ರೆಕಾರ್ಡ್ ಒತ್ತಿ, ಪುಟ ರಿಲೋಡ್ ಮಾಡಿ, ಕಾರ್ಡ್ ಮುಟ್ಟಿ, ನಿಲ್ಲಿಸಿ. ಹಳದಿ ಅಂದರೆ ಸ್ಕ್ರಿಪ್ಟ್, ನೇರಳೆ ಅಂದರೆ ಸ್ಟೈಲ್ ಮತ್ತು ಲೇಔಟ್, ಹಸಿರು ಅಂದರೆ ಪೇಂಟ್. ನೇರಳೆ ಜಾಸ್ತಿ ಇದ್ದರೆ ಪ್ರಾಪರ್ಟಿ ಬದಲಿಸಿ, ಲೈಬ್ರರಿ ಮುಟ್ಟಬೇಡಿ. ಹಳದಿ ಜಾಸ್ತಿ ಇದ್ದರೆ ಅದು ಯಾರ ಹಳದಿ ಅಂತ ತೆರೆದು ನೋಡಿ.

ಲ್ಯಾಪ್‌ಟಾಪಿನಲ್ಲೇ ಸಿಪಿಯು ನಿಧಾನ ಮಾಡುವ ಆಯ್ಕೆ ಇದೆ, 4 ಪಟ್ಟು, 6 ಪಟ್ಟು ಅಂತ. ಮೊದಲ ಅಂದಾಜಿಗೆ ಪರವಾಗಿಲ್ಲ. ಆದರೆ ಅದು ಜಿಪಿಯುವನ್ನೂ ಮೆಮೊರಿಯನ್ನೂ ನಿಧಾನ ಮಾಡುವುದಿಲ್ಲ. ಅಗ್ಗದ ಫೋನು ಸೋಲುವುದು ಬಹಳ ಸಲ ಅಲ್ಲೇ.

ತುಂಗಾತೀರ (ಉತ್ತರ)

ಮೇಲಿನ ಉತ್ತರ ಸರಿಯಾಗಿದೆ. ಗಿಣಿಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಲೊಟ್ಟಿ ಏರ್‌ಬಿಎನ್‌ಬಿಯಿಂದ 2017ರಲ್ಲಿ ಬಂದದ್ದು. ವೆಬ್ಬಿನಲ್ಲಿ ಸಾಮಾನ್ಯವಾಗಿ ಅದನ್ನು ಎಸ್‌ವಿಜಿ ರೆಂಡರರ್‌ನಲ್ಲಿ ಓಡಿಸುತ್ತೇವೆ. ಆಗ ಪ್ರತಿ ಫ್ರೇಮಿನಲ್ಲೂ ಗಿಣಿಯ ಎಷ್ಟೋ ಪಾತ್‌ಗಳ ಆಕಾರ ಮೇನ್ ಥ್ರೆಡ್ಡಿನಲ್ಲೇ ಬದಲಾಗುತ್ತದೆ, ಮತ್ತೆ ಪೇಂಟ್ ಆಗುತ್ತದೆ. ಗಿಣಿ ಸುಮ್ನೆ ಮೂಲೆಯಲ್ಲಿ ಕೂತಂತೆ ಕಂಡರೂ ಕಾರ್ಡುಗಳಿಗೆ ಸಿಗಬೇಕಾದ ಸಮಯವನ್ನು ಅದೇ ತಿನ್ನುತ್ತಿರಬಹುದು. ಒಮ್ಮೆ ಅದನ್ನು ತೆಗೆದು ಅಳೆಯಿರಿ. ಅದೇ ಕಾರಣ ಅಂತ ಗೊತ್ತಾದರೆ ಕ್ಯಾನ್ವಾಸ್ ರೆಂಡರರ್ ಹಾಕಿ ನೋಡಿ, ಮಗು ಆಡುತ್ತಿರುವಾಗ ಗಿಣಿಯನ್ನು ನಿಲ್ಲಿಸಿ. ಉತ್ತರ ಸರಿಯಾದಾಗ ಮಾತ್ರ ರೆಕ್ಕೆ ಬಡಿದರೆ ಮಕ್ಕಳಿಗೂ ಜಾಸ್ತಿ ಖುಷಿ.

ಇನ್ನೊಂದು. ಯಾರೋ ಹೇಳಿದರು ಅಂತ ಎಲ್ಲ ಕಾರ್ಡಿಗೂ ವಿಲ್ ಚೇಂಜ್ (ಇದಕ್ಕೆ ಬೇರೆ ಪದರ ಮಾಡಿಡು ಅಂತ ಬ್ರೌಸರಿಗೆ ಮೊದಲೇ ಹೇಳುವ ಸಿಎಸ್ಎಸ್ ಸಾಲು) ಹಾಕಬೇಡಿ. ಪ್ರತಿ ಪದರವೂ ಮೆಮೊರಿ ತಿನ್ನುತ್ತದೆ, ಒಂದು ಪಿಕ್ಸೆಲ್ಲಿಗೆ 4 ಬೈಟ್. 1080 × 2400 ಪರದೆ ತುಂಬುವ ಒಂದೇ ಪದರಕ್ಕೆ ಸುಮಾರು 10 ಎಂಬಿ. ಆನಿಮೇಶನ್ ಶುರುವಾಗುವ ಮುಂಚೆ ಹಾಕಿ, ಮುಗಿದ ಮೇಲೆ ತೆಗೆಯಿರಿ.

ಐಫೋನಿನಲ್ಲಿ ಅಳೆಯುವವರು ಲೋ ಪವರ್ ಮೋಡ್ ಆಫ್ ಇದೆಯಾ ನೋಡಿಕೊಳ್ಳಿ. ಅದು ಆನ್ ಇದ್ದರೆ ಸಫಾರಿ ರಿಕ್ವೆಸ್ಟ್ ಆನಿಮೇಶನ್ ಫ್ರೇಮನ್ನು ಸೆಕೆಂಡಿಗೆ 30ಕ್ಕೆ ಇಳಿಸುತ್ತದೆ. ಆಗ ಲೈಬ್ರರಿಯನ್ನು ಬೈದು ಪ್ರಯೋಜನ ಇಲ್ಲ.

ಪದಬಂಡಿ (ಪ್ರತಿಕ್ರಿಯೆ)

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೇಬಲ್ ಹಾಕಿ ಅಳೆದೆ. ಕಂಡದ್ದನ್ನು ಬರೆಯುತ್ತೇನೆ, ಮುಂದೆ ಇದೇ ಪ್ರಶ್ನೆ ಹುಡುಕಿ ಬರುವವರಿಗೆ ಬೇಕಾಗಬಹುದು.

ಪುಟ ತೆರೆಯುವಾಗ ಹಳದಿ ಉದ್ದಕ್ಕೆ ಹಬ್ಬಿತ್ತು. ಅದರಲ್ಲಿ ಜಿಸ್ಯಾಪ್ ಪಾಲು ಹುಡುಕಿ ನೋಡಬೇಕಾದಷ್ಟು ಸಣ್ಣದು. ಉಳಿದದ್ದೆಲ್ಲ ರಿಯಾಕ್ಟ್ ಮೊದಲ ರೆಂಡರ್ ಮತ್ತು ಪದಗಳ ಪಟ್ಟಿ ಓದುವ ಕೆಲಸ. ಕಾರ್ಡುಗಳು ಏರಿ ಬರುವ ಹೊತ್ತಿಗೇ ಅದೂ ನಡೆಯುತ್ತಿತ್ತು. ಕಾರ್ಡು ಮುಟ್ಟಿದಾಗ ಮಾತ್ರ ಚಿತ್ರ ಬೇರೆ. ಅಲ್ಲಿ ತುಂಬಾ ನೇರಳೆ, ಏಕೆಂದರೆ ಕಾರ್ಡಿನ ಅಗಲ, ಎತ್ತರ ಎರಡೂ ಬದಲಾಗುತ್ತವೆ, ಪಕ್ಕದವು ಗ್ರಿಡ್ಡಿನಲ್ಲಿ ಸರಿಯುತ್ತವೆ. ಅಂದರೆ ಒಂದೇ ಪುಟದಲ್ಲಿ ಎರಡು ಬೇರೆ ಬೇರೆ ತೊಂದರೆ. ಯಾವ ಲೈಬ್ರರಿ ವೇಗ ಎಂಬ ಪ್ರಶ್ನೆಗೆ ಎರಡೂ ಸಿಗುವುದಿಲ್ಲ.

ಹೋಲಿಕೆಗೆ ಒಂದು ಸಣ್ಣ ಪುಟವನ್ನೂ ಮಾಡಿದೆ. ಅದೇ ಕಾರ್ಡುಗಳು, ಅದೇ ಅವಧಿ, ಅದೇ ಈಸಿಂಗ್ (ವೇಗದ ಏರಿಳಿತ). ಮೇಲಿನ ಸಾಲು ಜಿಸ್ಯಾಪ್, ಮಧ್ಯದ್ದು ಮೋಷನ್, ಕೆಳಗಿನದು ಬರೀ ಸಿಎಸ್ಎಸ್. ಮೂರೂ ಟ್ರಾನ್ಸ್‌ಫಾರ್ಮ್ ಮಾತ್ರ. ಹಾಗೇ ಓಡಿಸಿದರೆ ಆ ಹಳೆಯ ಫೋನಿನಲ್ಲೂ ಮೂರರ ನಡುವೆ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಒಂದು ಬಟನ್ ಇಟ್ಟೆ, ಒತ್ತಿದರೆ ಮೇನ್ ಥ್ರೆಡ್ಡನ್ನು ಅರ್ಧ ಸೆಕೆಂಡು ಲೂಪಿನಲ್ಲಿ ಹಿಡಿದಿಡುತ್ತದೆ. ಒತ್ತಿದ ಕೂಡಲೇ ಜಿಸ್ಯಾಪ್ ಸಾಲು ನಿಂತಿತು, ಸಿಎಸ್ಎಸ್ ಸಾಲು ಸಾಗಿತು. ಮೋಷನ್ ಸಾಲು ನೀವು ಹೇಳಿದ ಹಾಗೇ: ವೈ ಅಂತ ಬರೆದಾಗ ನಿಂತಿತು, ಟ್ರಾನ್ಸ್‌ಫಾರ್ಮ್ ಸ್ಟ್ರಿಂಗ್ ಕೊಟ್ಟಾಗ ಸಾಗಿತು. ಈ ಬಟನ್ ಇಲ್ಲದ ಯಾವ ಹೋಲಿಕೆಯನ್ನೂ ನಾನಿನ್ನು ಒಪ್ಪುವುದಿಲ್ಲ.

ಹಾಗಾಗಿ ಲೈಬ್ರರಿ ಬದಲಿಸುತ್ತಿಲ್ಲ. ಪುಟ ತೆರೆಯುವಾಗಿನ ಏರಿಕೆಯನ್ನು ಸಿಎಸ್ಎಸ್‌ಗೆ ಕೊಡುತ್ತೇನೆ. ಅದು ಶುರುವಾದರೆ ಮುಗಿಯಿತು, ಮಧ್ಯದಲ್ಲಿ ತಡೆಯುವುದೂ ತಿರುಗಿಸುವುದೂ ಬೇಕಿಲ್ಲ. ಅಕ್ಷರಗಳು ಪುಟಿಯುವುದು, ಧ್ವನಿಯ ಜೊತೆ ಹೊಂದಿಸುವುದು, ಮಗು ಮಧ್ಯದಲ್ಲಿ ಬೇರೆ ಕಾರ್ಡು ಮುಟ್ಟಿದರೆ ಹಿಂದಕ್ಕೆ ಓಡಿಸುವುದು ಜಿಸ್ಯಾಪ್ ಟೈಮ್‌ಲೈನಿನಲ್ಲೇ ಇರುತ್ತದೆ. ಅದನ್ನೆಲ್ಲ ಕೈಯಲ್ಲಿ ಬರೆಯುವ ಕಷ್ಟ ಗೊತ್ತು.

ಎರಡು ಪ್ರಶ್ನೆ ಉಳಿದಿವೆ. ಕಾರ್ಡು ದೊಡ್ಡದಾಗುವುದನ್ನು ಲೇಔಟ್ ಇಲ್ಲದೆ ಮಾಡುವುದು ಹೇಗೆ? ಮತ್ತೆ, ಪದವನ್ನು ಅಕ್ಷರವಾಗಿ ಒಡೆದರೆ ‘ಬೆಕ್ಕು’ ಚೂರುಚೂರಾಗಿ ಬರುತ್ತದೆ. ಇದಕ್ಕೆ ಯಾವ ಲೈಬ್ರರಿ ಒಳ್ಳೆಯದು?

ಹದಿನಾರು_ಮಿಲಿ (ಪ್ರತಿಕ್ರಿಯೆ)

ಕಾರ್ಡಿಗೆ ಫ್ಲಿಪ್ ಅನ್ನುವ ವಿಧಾನ ಇದೆ. ಪಾಲ್ ಲೂಯಿಸ್ 2015ರಲ್ಲಿ ಅದನ್ನು ವಿವರಿಸಿ ಬರೆದರು. ಮೊದಲಿನ ಜಾಗ ಅಳೆದುಕೊಳ್ಳಿ, ಲೇಔಟನ್ನು ಒಂದೇ ಸಲ ಕೊನೆಯ ಸ್ಥಿತಿಗೆ ಬದಲಿಸಿ, ಹೊಸ ಜಾಗ ಅಳೆಯಿರಿ. ಆಮೇಲೆ ಟ್ರಾನ್ಸ್‌ಫಾರ್ಮ್ ಹಾಕಿ ಹಳೆಯ ಜಾಗದಲ್ಲೇ ಇರುವಂತೆ ತೋರಿಸಿ, ಆ ಟ್ರಾನ್ಸ್‌ಫಾರ್ಮನ್ನು ಸೊನ್ನೆಗೆ ಓಡಿಸಿ. ಲೇಔಟ್ ಒಮ್ಮೆ ಆಗುತ್ತದೆ, ಪ್ರತಿ ಫ್ರೇಮಿಗೂ ಅಲ್ಲ. ಜಿಸ್ಯಾಪ್‌ನಲ್ಲಿ ಇದೇ ಹೆಸರಿನ ಪ್ಲಗಿನ್ ಇದೆ. ಮೋಷನ್‌ನ ಲೇಔಟ್ ಆನಿಮೇಶನ್ ಕೂಡ ಇದೇ ತತ್ವ.

ಒಂದೇ ಎಚ್ಚರ. ಎಲ್ಲ ಕಾರ್ಡುಗಳನ್ನೂ ಮೊದಲು ಅಳೆದು ಮುಗಿಸಿ, ಆಮೇಲೆ ಎಲ್ಲಕ್ಕೂ ಬರೆಯಿರಿ. ಒಂದನ್ನು ಅಳೆದು, ಬದಲಿಸಿ, ಮುಂದಿನದನ್ನು ಅಳೆಯುತ್ತಾ ಹೋದರೆ ಪ್ರತಿ ಸಲವೂ ಬ್ರೌಸರ್ ಲೇಔಟನ್ನು ಆ ಕ್ಷಣವೇ ಮಾಡಬೇಕಾಗುತ್ತದೆ. 40 ಕಾರ್ಡಿದ್ದರೆ 40 ಸಲ. ರೆಕಾರ್ಡ್ ಮಾಡಿದ್ದರಲ್ಲಿ ಅದು ಸಣ್ಣ ಸಣ್ಣ ನೇರಳೆ ಪಟ್ಟಿಗಳ ಸಾಲಾಗಿ ಕಾಣುತ್ತದೆ.

ಜಿಸ್ಯಾಪ್‌ನ ಲ್ಯಾಗ್ ಸ್ಮೂದಿಂಗ್ ಕೂಡ ನೆನಪಿಡಿ. ಅರ್ಧ ಸೆಕೆಂಡಿಗಿಂತ ಜಾಸ್ತಿ ತಡೆ ಬಂದರೆ ಅದು ಕೇವಲ 33 ಮಿಲಿಸೆಕೆಂಡು ಕಳೆದಂತೆ ಲೆಕ್ಕ ಹಿಡಿದು ಮುಂದುವರಿಯುತ್ತದೆ. ಕಣ್ಣಿಗೆ ಹಿತ, ಆದರೆ ಧ್ವನಿ ಮುಂದೆ ಹೋಗಿಬಿಟ್ಟಿರುತ್ತದೆ. ಧ್ವನಿಯ ಜೊತೆ ಹೊಂದಿಸುವ ಕಡೆ ಅದನ್ನು ಆಫ್ ಮಾಡಿ.

ಒತ್ತು_ದೀರ್ಘ (ಉತ್ತರ)

ಬೆಕ್ಕಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಯಾವ ಲೈಬ್ರರಿಯನ್ನೂ ಇದಕ್ಕೆ ಹಾಗೇ ನಂಬಬೇಡಿ.

ಸ್ಟ್ರಿಂಗನ್ನು ಸುಮ್ನೆ ಸ್ಪ್ಲಿಟ್ ಮಾಡಿದರೆ ಸ್ವರ ಚಿಹ್ನೆ, ಹಲಂತ ಎಲ್ಲ ಬಿಡಿಬಿಡಿಯಾಗಿ ಬರುತ್ತವೆ, ಚುಕ್ಕಿಯ ವೃತ್ತಗಳು ಕಾಣುತ್ತವೆ. ಬ್ರೌಸರಿನಲ್ಲೇ ಇರುವ, ಪಠ್ಯ ಒಡೆಯುವ ಇಂಟಲ್ ಸೆಗ್ಮೆಂಟರ್ (Intl.Segmenter) ಬಳಸಿದರೆ ಸ್ವರ ಚಿಹ್ನೆ ವ್ಯಂಜನದ ಜೊತೆಗೇ ಉಳಿಯುತ್ತದೆ, ಆದರೆ ಕನ್ನಡದ ಒತ್ತಕ್ಷರ ಒಡೆಯುತ್ತದೆ. ‘ಬೆಕ್ಕು’ ಮೂರು ತುಂಡು: ಬೆ, ಕ್, ಕು. ಹೀಗಾಗಿ ಅದರ ಮೇಲೆ ನೀವೇ ಒಂದು ಸಣ್ಣ ಫಂಕ್ಷನ್ ಬರೆಯಿರಿ. ಒಂದು ತುಂಡು ಹಲಂತದಲ್ಲಿ ಮುಗಿದು, ಮುಂದಿನದು ಕನ್ನಡ ವ್ಯಂಜನದಿಂದ ಶುರುವಾದರೆ ಎರಡನ್ನೂ ಕೂಡಿಸಿ. ಆಗ ‘ಬೆಕ್ಕು’ ಬೆ, ಕ್ಕು ಆಗುತ್ತದೆ. ‘ಸ್ವಾತಂತ್ರ್ಯ’ ಸ್ವಾ, ತಂ, ತ್ರ್ಯ ಆಗುತ್ತದೆ. ‘ಸಾಫ್ಟ್‌ವೇರ್’ ಥರದ ಪದದಲ್ಲಿ ಹಲಂತದ ನಂತರ ಜೀರೋ ವಿಡ್ತ್ ನಾನ್ ಜಾಯಿನರ್ (ಅಕ್ಷರ ಕೂಡದಂತೆ ತಡೆಯುವ ಕಾಣದ ಚಿಹ್ನೆ) ಇರುತ್ತದೆ, ಅಲ್ಲಿ ಕೂಡಿಸಬಾರದು.

ಪ್ರತಿ ತುಂಡಿನ ಸ್ಪ್ಯಾನಿಗೂ ಇನ್‌ಲೈನ್ ಬ್ಲಾಕ್ ಕೊಡಿ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮ್ ಹತ್ತುವುದಿಲ್ಲ. ಸ್ಕ್ರೀನ್ ರೀಡರ್ ತುಂಡುತುಂಡಾಗಿ ಓದದಂತೆ ತುಂಡುಗಳನ್ನು ಏರಿಯಾ ಹಿಡನ್ (aria-hidden, ಅಂದರೆ ಅದಕ್ಕೆ ಕಾಣದಂತೆ) ಮಾಡಿ, ಇಡೀ ಪದವನ್ನು ಬೇರೆಯಾಗಿ ಒದಗಿಸಿ. ಫೋನಿನಲ್ಲಿ ಚಲನೆ ಕಡಿಮೆ ಮಾಡುವ ಸೆಟ್ಟಿಂಗ್ ಆನ್ ಇದ್ದವರಿಗೆ ಪುಟಿತ ಬೇಡ, ಪದ ನೇರವಾಗಿ ಕಾಣಲಿ. ಒಡೆಯುವ ಕೆಲಸವನ್ನು ಮಗು ಕಾರ್ಡು ಮುಟ್ಟಿದಾಗ ಮಾಡಬೇಡಿ. ಪದಗಳ ಪಟ್ಟಿ ತಯಾರಿಸುವಾಗಲೇ ಒಡೆದು ಜೇಸನ್ ಫೈಲಿನಲ್ಲಿ ಇಟ್ಟುಬಿಡಿ. ಆಗ ಫೋನಿನ ಮೇಲೆ ಆ ಭಾರವೇ ಬೀಳುವುದಿಲ್ಲ.