ಡ್ರಮ್ ‘ರ‍್ಯಾಕ್’ಗೆ ಕನ್ನಡದಲ್ಲಿ ಏನನ್ನೋದು? ಜೊತೆಗೆ ‘ಒಂದೂವರೆ ಇಂಚು ಪೈಪು’ ಅಂದ್ರೆ ಯಾವ್ದು?

ಎಲ್ರಿಗೂ ನಮಸ್ಕಾರ. ನಮ್ಮ ಏರಿಯಾದ ಆರ್ಕೆಸ್ಟ್ರಾ ಹುಡುಗ್ರಿಗೋಸ್ಕರ ಡ್ರಮ್ ಸೆಟ್ ಜೋಡಿಸೋದರ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೀತಾ ಇದೀನಿ. ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವ ಮುಗಿಯೋವರ್ಗೂ ಬೆಂಗಳೂರಲ್ಲಿ ಒಂದಾದ ಮೇಲೊಂದು ಸ್ಟೇಜು, ಕಟ್ಟೋದು ಬಿಚ್ಚೋದು ಇದೇ ಕೆಲಸ, ಅದಕ್ಕೇ ಸ್ಟ್ಯಾಂಡ್ ಬಿಟ್ಟು ರ‍್ಯಾಕ್ ತಗೊಳ್ಳೋಣ್ವಾ ಅಂತ ತುಂಬಾ ಹುಡುಗ್ರು ಕೇಳ್ತಾರೆ. ಬರೆಯೋಕೆ ಕೂತ್ರೆ ಪದಗಳ ಹತ್ರಾನೇ ಕೈ ನಿಂತ್ಹೋಗತ್ತೆ.

ಮೊದಲು ‘ರ‍್ಯಾಕ್’. ಮನೇಲಿ ರ‍್ಯಾಕ್ ಅಂದ್ರೆ ಪಾತ್ರೆ ಪುಸ್ತಕ ಇಡೋದು, ಸೌಂಡಿನೋರಿಗೆ ಆಂಪ್ಲಿಫೈಯರ್ ಕೂರಿಸೋ 19 ಇಂಚಿನ ಪೆಟ್ಟಿಗೆ. ಡ್ರಮ್ಮರ್‌ಗೆ ಅದು ಬೇರೇನೇ: ಎದುರಿಗೆ ಅಡ್ಡಕ್ಕೊಂದು ಪೈಪು, ಅದಕ್ಕೆ ಕಾಲುಗಳು, ಆ ಪೈಪಿಗೆ ಕ್ಲಾಂಪ್ ಹಾಕಿ ಟಾಮು (ಕೋಲಲ್ಲಿ ಹೊಡೆಯೋ ನಡುಗಾತ್ರದ ಡ್ರಮ್ಮು), ಸಿಂಬಲ್ಲು (ಲೋಹದ ತಟ್ಟೆ) ಎಲ್ಲಾ ಹಿಡಿಸೋ ಏರ್ಪಾಡು. ಸಾಲದು ಅಂತ ‘ರ‍್ಯಾಕ್ ಟಾಮ್’ ಅಂತ ಬೇರೆ ಇದೆ, ಅದು ಎಷ್ಟೋ ಸೆಟ್ಟಲ್ಲಿ ಕಿಕ್ ಡ್ರಮ್ಮಿನ (ಕಾಲಲ್ಲಿ ಪೆಡಲ್ ತುಳಿದು ಹೊಡೆಯೋ ದೊಡ್ಡ ಡ್ರಮ್ಮು) ಮೇಲೇ ಕೂತಿರತ್ತೆ, ಈ ರ‍್ಯಾಕಿಗೂ ಅದಕ್ಕೂ ಸಂಬಂಧಾನೇ ಇರಲ್ಲ. ಹೊಸಬರು ಇಲ್ಲೇ ಗೊಂದಲ ಮಾಡ್ಕೊಳ್ಳೋದು.

‘ಚೌಕಟ್ಟು’ ಅಂತ ಹಾಕಿ ಅಂದ್ರು ಒಬ್ರು, ನಂಗೆ ಒಪ್ಪಿಗೆ ಆಗ್ತಿಲ್ಲ, ಚೌಕಟ್ಟು ಅಂದ್ರೆ ನಾಲ್ಕೂ ಕಡೆ ಮುಚ್ಚಿರೋ ಚಿತ್ರ ಬರತ್ತೆ, ಇದು ಡ್ರಮ್ಮರ್ ಕಡೆ ಪೂರ್ತಿ ತೆರೆದಿರತ್ತೆ. ‘ಅಡ್ಡೆ’ ಅಂತಲೂ ಯೋಚಿಸ್ದೆ, ಹೆಗಲ ಮೇಲೆ ಹೊರೋ ಅಡ್ಡೆ, ಎರಡೂ ಕಡೆ ಭಾರ ತೂಗೋದು, ಅರ್ಥ ಸರಿಯಾಗಿ ಕೂರತ್ತೆ, ಆದ್ರೆ ಈಗ ಬೆಂಗಳೂರಲ್ಲಿ ಅಡ್ಡೆ ಅಂದ್ರೆ ಇಸ್ಪೀಟ್ ಅಡ್ಡೇನೇ ನೆನಪಾಗೋದು. ನಂಗೆ ಹಿಡಿಸಿರೋದು ‘ಸಾರ್ವೆ’. ಗಾರೆ ಕೆಲಸದೋರು, ಪೇಂಟಿಂಗಿನೋರು ಕಟ್ಟೋ ಸಾರ್ವೆ ಇದ್ಯಲ್ಲ, ಪೈಪು, ಕ್ಲಾಂಪು, ಕೆಲಸ ಮುಗಿದ ಮೇಲೆ ಬಿಚ್ಚಿ ಗಾಡಿಗೆ ಹಾಕೋದು, ಎಲ್ಲಾ ಒಂದೇ ಥರ. ‘ಡ್ರಮ್ ಸಾರ್ವೆ’ ಅಂದ್ರೆ ನಡೆಯತ್ತಾ?

ಎರಡನೇದು ಇನ್ನೂ ಮುಖ್ಯ, ಯಾಕಂದ್ರೆ ದುಡ್ಡು ಹಾಳಾಗತ್ತೆ. ಗಿಬ್ರಾಲ್ಟರ್ ಕಂಪನಿಯದರ ಥರದ ದುಂಡು ಪೈಪಿನ ರ‍್ಯಾಕಲ್ಲಿ ಒಂದೂವರೆ ಇಂಚು ಅಂದ್ರೆ ಪೈಪಿನ ಹೊರಗಿನ ಅಳತೆ, 38 ಮಿಮೀ. ಪ್ಲಂಬರ್ ಅಂಗಡೀಲಿ ಒಂದೂವರೆ ಇಂಚಿನ ಜಿಐ ಪೈಪ್ ಕೇಳಿದ್ರೆ ಅದರ ಹೊರಗಿನ ಅಳತೆ ಹತ್ತಿರ ಹತ್ತಿರ 48 ಮಿಮೀ ಇರತ್ತೆ, ಅಲ್ಲಿ ಆ ಹೆಸರು ಬಂದಿರೋದು ಒಳಗಿನ ತೂತಿನ ಲೆಕ್ಕದಲ್ಲಿ. ಡ್ರಮ್ ಕ್ಲಾಂಪು ಅದಕ್ಕೆ ಮುಚ್ಚೋದೇ ಇಲ್ಲ. ಮೆಟ್ಟಿಲಿಗೆ ಸ್ಟೀಲ್ ರೇಲಿಂಗ್ ಮಾಡೋರ ಹತ್ರ 38ರ ಎಸ್‌ಎಸ್ ಪೈಪ್ ಅಂದ್ರೆ ಸರಿಯಾದ್ದು ಸಿಗತ್ತೆ, ಅವರು ಹೊರಗಿನ ಅಳತೇಲೇ ಮಾತಾಡೋದು. ಪರ್ಲ್ ಕಂಪನಿಯದ್ದು ಚೌಕ ಪೈಪು, ಯಮಹಾದ್ದು ಆರು ಮೂಲೆ ಪೈಪು, ಅವಕ್ಕೆ ಅವರವರ ಕ್ಲಾಂಪೇ ಬೇಕು, ಅದಕ್ಕೇ ತಗೊಳ್ಳೋ ಮುಂಚೆ ಬಿಡಿ ಕ್ಲಾಂಪು ಇಲ್ಲಿ ಸಿಗತ್ತಾ ಅಂತ ನೋಡಿ ಅಂತ ಬರ್ದಿದೀನಿ. ಈ ‘ಹೊರಗಿನ ಅಳತೆ’ಗೆ ಪುಸ್ತಕದಲ್ಲಿ ‘ಹೊರವ್ಯಾಸ’ ಅಂತಾರೆ, ಫ್ಯಾಬ್ರಿಕೇಶನ್ ಶೆಡ್ಡಲ್ಲಿ ‘ಓಡಿ’ (ಔಟ್‌ಸೈಡ್ ಡಯಾಮೀಟರ್) ಅಂತಾರೆ. ಅಂಗಡೀಲಿ ನಿಂತು ಹೇಳೋಕೆ ಆಗೋ ಕನ್ನಡ ಮಾತು ಯಾವುದಾದ್ರೂ ನಿಮ್ಮ ಕಿವಿಗೆ ಬಿದ್ದಿದ್ಯಾ?

ಜೋಡಿಸೋ ಭಾಗ ಅಷ್ಟು ಕಷ್ಟ ಆಗ್ಲಿಲ್ಲ. ಮೊದಲು ಸೀಟು, ಕಿಕ್, ಸ್ನೇರ್ (ಎದುರಿಗೇ ಇಟ್ಕೊಳ್ಳೋ ಮುಖ್ಯ ಡ್ರಮ್ಮು) ಇಟ್ಟು ಕೂತ್ಕೋಬೇಕು, ಆಮೇಲೆ ಅಡ್ಡ ಪೈಪು ತಂದು ಕಿಕ್ ಮೇಲೆ ಬರೋಹಾಗೆ ನಿಲ್ಲಿಸಿ ಟಾಮು ಹಾಕಿ, ಕೊನೇಗೆ ಸಿಂಬಲ್ಲು, ಎಲ್ಲಾ ಜಾಗಕ್ಕೆ ಬರೋವರ್ಗೂ ಯಾವ ನಟ್ಟನ್ನೂ ಪೂರ್ತಿ ಬಿಗಿ ಮಾಡಬಾರ್ದು. ಭಾರದ ಸಿಂಬಲ್‌ಗಳ ಕಡ್ಡಿ ಆದಷ್ಟೂ ಕಾಲಿನ ಮೇಲೇ ಬರಬೇಕು, ಪೈಪಿನ ನಡುವೆ ಹಾಕಿದ್ರೆ ಹೊಡೆದಾಗೆಲ್ಲ ಇಡೀ ಸೆಟ್ಟು ಅಲ್ಲಾಡತ್ತೆ. ಸ್ನೇರು, ಹೈಹ್ಯಾಟು (ಪೆಡಲ್ ತುಳಿದು ಮುಚ್ಚೋ ಜೋಡಿ ಸಿಂಬಲ್ಲು) ಸಾಮಾನ್ಯವಾಗಿ ತಮ್ಮ ಸ್ಟ್ಯಾಂಡಲ್ಲೇ ಇರತ್ವೆ.

ತೊಡಕು ‘ಮೆಮೊರಿ ಲಾಕ್’ ಹತ್ರ. ಕಡ್ಡಿಗೆ ಸುತ್ತಿ ಡ್ರಮ್ ಕೀಲಿಯಿಂದ ಬಿಗಿ ಮಾಡೋ ಸಣ್ಣ ಉಂಗುರ ಅದು, ಅದರ ಒಂದು ಹಲ್ಲು ಕ್ಲಾಂಪಿನ ಕಚ್ಚಿನೊಳಗೆ ಹೋಗಿ ಕೂರತ್ತೆ, ಹಾಗಾಗಿ ಬಿಚ್ಚಿ ಮತ್ತೆ ಹಾಕಿದ್ರೂ ಅದೇ ಎತ್ತರ, ಅದೇ ಓರೆ. ರ‍್ಯಾಕ್ ತಗೊಳ್ಳೋದೇ ಇದಕ್ಕೋಸ್ಕರ ಅಂತ ನನ್ನ ಅಭಿಪ್ರಾಯ. ‘ನೆನಪಿನ ಬೀಗ’ ಅಂದ್ರೆ ಯಾರಿಗೂ ಏನೂ ತಿಳಿಯಲ್ಲ. ‘ಗುರುತಿನ ಬಳೆ’ ಅಂತ ಸದ್ಯಕ್ಕೆ ಹಾಕಿದೀನಿ, ಗುದ್ದಲಿ ಕಾವಿಗೆ ಹಾಕೋ ಕಬ್ಬಿಣದ ಉಂಗುರಕ್ಕೂ ಬಳೆ ಅಂತಾರಲ್ಲ, ಆ ಲೆಕ್ಕದಲ್ಲಿ. ತಂಬೂರಿಗೆ ಬಿರಡೆ, ಕುದುರೆ ಅಂತ ಎಷ್ಟು ಚೆನ್ನಾಗಿ ಹೆಸರಿಟ್ಟಿದಾರೆ, ಅಂಥದ್ದೇ ಒಂದು ಇದಕ್ಕೂ ಸಿಕ್ಕಿದ್ರೆ ಖುಷಿಯಾಗತ್ತೆ. ಕಬ್ಬನ್‌ಪೇಟೆ ಕಡೆ ಮಗ್ಗದ ಕೆಲಸ ಗೊತ್ತಿರೋರು ಇಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಕಡ್ಡಿ ಜರುಗದೇ ಇರ್ಲಿ ಅಂತ ಸ್ಕ್ರೂ ಹಾಕಿ ಬಿಗಿ ಮಾಡೋ ಉಂಗುರಕ್ಕೆ ನಿಮ್ಮಲ್ಲಿ ಏನಂತಾರೆ?